ಗಿರಣಗಾಂವ್‌ನಲ್ಲಿ ಒಂದು ಕೋಣೆಯ ಬಿಡಾರ: ಡಿಪಾಜಿಟ್ ಎಣಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಮುಂಬಯಿಗೆ ಬಂದ ಕನ್ನಡಿಗನು ಇದಕ್ಕೆ ‘ಮನೆ ಹಿಡಿದು ನೋಡು’ ಎಂಬುದನ್ನೂ ಸೇರಿಸಿಕೊಳ್ಳಬೇಕು. ಊರಿನಲ್ಲಿ ಬಾಡಿಗೆಯ ಮನೆ ಹಿಡಿಯುವುದು ಒಂದು ಸಂಜೆಯ ಕೆಲಸ. ಇಲ್ಲಿ ಅದು ಕಾಯಿದೆ, ಕರಾರು, ದಲಾಲಿ, ಅಳತೆ ಎಲ್ಲವೂ ಸೇರಿಕೊಂಡ ವ್ಯವಹಾರ.

ಸಂಜೆ ವಾಚನಾಲಯಕ್ಕೆ ಪತ್ರಿಕೆ ನೋಡಲು ಬರುವ ತರುಣರು ಈಚೆಗೆ ಮೇಲಿಂದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ: ‘ಲೋವರ್ ಪರೇಲ್ ಕಡೆ ಸ್ಟುಡಿಯೋ ಅಪಾರ್ಟ್‌ಮೆಂಟ್ ಬಾಡಿಗೆಗೆ ಉಂಟಂತೆ. ಹಿಡಿಯಬಹುದೇ?’ ಹಿಡಿಯಬಹುದು, ಹಿಡಿಯಬಾರದು ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಆದರೆ ಏನನ್ನು ನೋಡಿ, ಯಾವ ಕಾಗದವನ್ನು ಓದಿ, ಯಾವ ಲೆಕ್ಕ ಹಾಕಿ ನಿರ್ಧರಿಸಬೇಕೆಂಬುದನ್ನು ಹೇಳಬಹುದು. ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೆಸರು ಹೊಸದು, ಖೋಲಿ ಹಳೆಯದು

ಸ್ಟುಡಿಯೋ ಅಪಾರ್ಟ್‌ಮೆಂಟ್ ಎಂದರೆ ಒಂದೇ ಕೋಣೆಯ ಮನೆ. ಮಲಗುವುದೂ ಕೂಡುವುದೂ ಅಲ್ಲಿಯೇ. ಒಂದು ಗೋಡೆಯ ಬದಿಗೆ ಅಡಿಗೆಯ ಕಟ್ಟೆ. ಬಚ್ಚಲು ಮತ್ತು ಪಾಯಖಾನೆ ಮಾತ್ರ ಬಾಗಿಲಿನ ಒಳಗೆ, ನಮಗೇ ಸ್ವಂತ. ಅಡಿಗೆಗೆ ಬೇರೆ ಗೋಡೆಯಿದ್ದರೆ ದಲಾಲರು ಅದನ್ನು ‘ಒನ್ ಆರ್‌ಕೆ’ ಎನ್ನುತ್ತಾರೆ, ಅಂದರೆ ಒಂದು ಕೋಣೆ, ಒಂದು ಅಡಿಗೆಮನೆ. ಜಾಹೀರಾತುಗಳಲ್ಲಿ ಒಂದನ್ನು ಇನ್ನೊಂದರ ಹೆಸರಿನಿಂದ ಕರೆಯುವುದು ಸಾಮಾನ್ಯ. ಆದುದರಿಂದ ಹೆಸರನ್ನು ನಂಬದೆ ಕಣ್ಣಾರೆ ನೋಡಬೇಕು.

ಇಂಥ ಒಂದು ಕೋಣೆಯ ಬಾಳು ಈ ಭಾಗಕ್ಕೆ ಹೊಸದೇನೂ ಅಲ್ಲ. ಲಾಲಬಾಗ್, ಪರೇಲ್, ಲೋವರ್ ಪರೇಲ್, ವರಳಿಗಳನ್ನು ಜನ ಗಿರಣಗಾಂವ್, ಎಂದರೆ ಗಿರಣಿಗಳ ಊರು, ಎಂದು ಕರೆಯುತ್ತಿದ್ದರು. ೧೯೨೦ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಸರಕಾರಿ ಇಲಾಖೆ ವರಳಿ, ನಾಯಗಾಂವ್, ಶಿವಡಿ ಮತ್ತು ಡಿಲೈಲ್ ರೋಡಿನಲ್ಲಿ ಚಾಳುಗಳನ್ನು ಕಟ್ಟಿಸಿತು. ಅವೇ ಬಿ.ಡಿ.ಡಿ. ಚಾಳುಗಳು. ಡಿಲೈಲ್ ರೋಡ್ ಈಗ ಎನ್. ಎಂ. ಜೋಶಿ ಮಾರ್ಗ. ಆ ಚಾಳಿನ ಒಂದು ಖೋಲಿಯ ಅಳತೆ ೧೬೦ ಚದರ ಅಡಿ; ಪಾಯಖಾನೆ ಮಹಡಿಗೆಲ್ಲ ಸೇರಿ. ಒಂದೊಂದು ಖೋಲಿಯಲ್ಲಿ ಒಂದು ಸಂಸಾರ ಇಲ್ಲವೆ ಒಂದೇ ಊರಿನ ಹತ್ತಾರು ಗಂಡಸರು. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುತ್ತಿದ್ದ. ಈಗ ಈ ಚಾಳುಗಳನ್ನು ಕೆಡವಿ ಕಟ್ಟುತ್ತಿದ್ದಾರೆ. ಹಳೆಯ ನಿವಾಸಿಗಳಿಗೆ ೫೦೦ ಚದರ ಅಡಿಯ ಮನೆ ಎಂದು ಗೊತ್ತಾಗಿ, ವರಳಿಯ ಮೊದಲ ೫೫೬ ಮನೆಗಳ ಕೀಲಿಕೈಯನ್ನು ೨೦೨೫ರ ಆಗಸ್ಟ್‌ನಲ್ಲಿ ಕೊಟ್ಟರು.

ಗಿರಣಿಗಳ ಕಥೆ ಬೇರೆ. ೧೯೮೨ರ ಜನವರಿ ೧೮ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರದ ತರುವಾಯ ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಗಿರಣಿಯ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ೧೯೯೧ರ ನಿಯಮ ದಾರಿ ತೆರೆಯಿತು. ೨೦೦೧ರಲ್ಲಿ ಆ ನಿಯಮವನ್ನು ತಿದ್ದಿದರು. ೨೦೦೬ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಇಂದು ಮಾಲ್ ಇದೆ. ಕಮಲಾ ಮಿಲ್ಸ್ ಆವರಣದಲ್ಲಿ ಕಚೇರಿಗಳೂ ಉಪಾಹಾರಗೃಹಗಳೂ ತುಂಬಿವೆ. ಕಚೇರಿಗಳು ಬಂದ ಮೇಲೆ, ನಡೆದೇ ಕೆಲಸಕ್ಕೆ ಹೋಗುವಷ್ಟು ಹತ್ತಿರ ಇರಬೇಕೆನ್ನುವ ಸಂಬಳದಾರರು ಬಂದರು. ಅವರಿಗಾಗಿ ಅದೇ ಹಳೆಯ ಒಂದು ಖೋಲಿ, ಗಾಜಿನ ಕಿಟಕಿ ಮತ್ತು ಹೊಳೆಯುವ ನೆಲ ಹಾಕಿಕೊಂಡು, ಸ್ಟುಡಿಯೋ ಎಂಬ ಹೆಸರಿನಲ್ಲಿ ಬಾಡಿಗೆಗೆ ನಿಂತಿದೆ. ಒಳಗೇ ಪಾಯಖಾನೆ ಇರುವುದು ದೊಡ್ಡ ಅನುಕೂಲವೇ ಸರಿ. ಆದರೆ ನೀವು ಹಣ ಕೊಡುವುದು ಒಂದು ಖೋಲಿಗೆ ಎಂಬುದನ್ನು ಮರೆಯಕೂಡದು.

ಅಳತೆಯ ಮಾತು

ಜಾಹೀರಾತಿನಲ್ಲಿ ‘೩೦೦ ಚದರ ಅಡಿ’ ಎಂದಿರುತ್ತದೆ. ಹೋಗಿ ನೋಡಿದರೆ ಮಂಚ ಹಾಕಿದ ಮೇಲೆ ಕಾಲಿಡಲು ಸ್ಥಳವಿಲ್ಲ. ಇದಕ್ಕೆ ಕಾರಣ ಅಳತೆಯ ಮೂರು ಬಗೆಗಳು. ಗೋಡೆಯ ಒಳಗೆ ನಿಜವಾಗಿ ಬಳಸಲು ಸಿಗುವ ನೆಲ ಕಾರ್ಪೆಟ್ ಏರಿಯಾ. ಗೋಡೆಗಳ ದಪ್ಪ, ಬಾಲ್ಕನಿಗಳನ್ನು ಸೇರಿಸಿದರೆ ಬಿಲ್ಟ್‌ಅಪ್. ಮೆಟ್ಟಿಲು, ಲಿಫ್ಟು, ಮೊಗಸಾಲೆಗಳಲ್ಲಿ ನಿಮ್ಮ ಪಾಲೆಂದು ಇನ್ನಷ್ಟು ಕೂಡಿಸಿದರೆ ಸೂಪರ್ ಬಿಲ್ಟ್‌ಅಪ್. ೨೦೧೬ರ ರೇರಾ ಕಾಯಿದೆ ಕಾರ್ಪೆಟ್ ಏರಿಯಾ ಎಂದರೇನೆಂದು ಬಿಡಿಸಿ ಹೇಳಿದೆ. ಆದರೆ ಆ ಕಾಯಿದೆ ಇರುವುದು ಮನೆ ಕೊಳ್ಳುವವರಿಗಾಗಿ, ಬಾಡಿಗೆಗೆ ಹಿಡಿಯುವವರಿಗಾಗಿ ಅಲ್ಲ. ಬಾಡಿಗೆಯ ಜಾಹೀರಾತಿನಲ್ಲಿ ಯಾವ ಅಳತೆ ಹಾಕಿದ್ದಾರೆಂದು ನೀವೇ ಕೇಳಬೇಕು.

ಕೇಳುವುದಕ್ಕಿಂತ ಅಳೆಯುವುದು ಮೇಲು. ಹತ್ತಿರದ ಅಂಗಡಿಯಲ್ಲಿ ಅಳತೆಯ ಟೇಪು ಸಿಗುತ್ತದೆ. ಉದ್ದ ೧೮ ಅಡಿ, ಅಗಲ ೧೦ ಅಡಿ ಬಂದರೆ ೧೮೦ ಚದರ ಅಡಿ. ಬಾಡಿಗೆ ೨೫,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಜಾಹೀರಾತಿನ ೩೦೦ರಿಂದ ಭಾಗಿಸಿದರೆ ಚದರ ಅಡಿಗೆ ಸುಮಾರು ೮೩ ರೂಪಾಯಿ. ನಿಮ್ಮ ಟೇಪಿನ ೧೮೦ರಿಂದ ಭಾಗಿಸಿದರೆ ೧೩೯ ರೂಪಾಯಿ. ಎರಡು ಮೂರು ಕೋಣೆಗಳನ್ನು ನೋಡಿದ ಮೇಲೆ ಯಾವುದು ಅಗ್ಗ, ಯಾವುದು ತುಟ್ಟಿ ಎಂದು ತೂಗುವುದಾದರೆ ಎಲ್ಲವನ್ನೂ ಈ ಎರಡನೆಯ ಲೆಕ್ಕದಿಂದಲೇ ತೂಗಿರಿ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ: ಮಂಚ, ಕಪಾಟು, ಊರಿನಿಂದ ಬಂದವರು ಮಲಗುವ ಚಾಪೆ, ಇವಕ್ಕೆಲ್ಲ ಜಾಗ ಬೀಳುತ್ತದೆಯೇ ಎಂದು ಅಲ್ಲಿಯೇ ನಿಂತು ಅಳೆಯಿರಿ.

ಯಾರ ಕೋಣೆ, ಯಾವ ಹಕ್ಕು?

ಈ ಭಾಗದಲ್ಲಿ ಒಂದು ಕೋಣೆ ಕೈಗೆ ಬರುವುದು ಮುಖ್ಯವಾಗಿ ಮೂರು ಬಗೆಯಲ್ಲಿ. ಯಾವ ಬಗೆ ಎಂಬುದನ್ನು ತಿಳಿಯದೆ ಹಣ ಕೊಟ್ಟವರೇ ಹೆಚ್ಚಾಗಿ ಕೆಟ್ಟಿರುವುದು.

ಮೊದಲನೆಯದು ಪಗಡಿ. ೧೯೪೭ರ ಬಾಡಿಗೆ ನಿಯಂತ್ರಣ ಕಾಯಿದೆ, ೧೯೪೦ರ ಸೆಪ್ಟೆಂಬರ್ ೧ರಂದು ಇದ್ದ ಬಾಡಿಗೆಯನ್ನೇ ಆಧಾರವಾಗಿ ಹಿಡಿದು, ಬಾಡಿಗೆ ಏರದಂತೆ ತಡೆಯಿತು. ಬಾಡಿಗೆದಾರನಿಗೆ ಇದು ಆಸರೆಯಾಯಿತು. ಮಾಲಿಕರಾದರೋ ತಿಂಗಳ ಬಾಡಿಗೆಯಲ್ಲಿ ಸಿಗದುದನ್ನು ಮೊದಲೇ ಗಂಟಾಗಿ ತೆಗೆದುಕೊಳ್ಳತೊಡಗಿದರು. ಆ ಗಂಟೇ ಪಗಡಿ. ಬಹುಕಾಲ ಇದು ಕದ್ದುಮುಚ್ಚಿ ನಡೆಯುತ್ತಿತ್ತು. ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಇದಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಪಗಡಿಯ ಮನೆಯಲ್ಲಿರುವವನು ಕಡಿಮೆ ಬಾಡಿಗೆಗೆ ತಲೆಮಾರುಗಟ್ಟಲೆ ಇರಬಲ್ಲನಾದರೂ ಕಟ್ಟಡದ ಒಡೆಯನಲ್ಲ. ಇದನ್ನು ಚೆನ್ನಾಗಿ ನೆನಪಿಡಿರಿ.

ಎರಡನೆಯದು ಲೀವ್ ಎಂಡ್ ಲೈಸೆನ್ಸ್. ಇಂದು ಸ್ಟುಡಿಯೋ ಎಂದು ಸಿಗುವುದೆಲ್ಲ ಸಾಮಾನ್ಯವಾಗಿ ಇದೇ ಬಗೆ. ಇಲ್ಲಿ ನೀವು ಹಳೆಯ ಅರ್ಥದ ಬಾಡಿಗೆದಾರರಲ್ಲ. ಗೊತ್ತಾದ ಅವಧಿಗೆ ಇರಲು ಅನುಮತಿ ಪಡೆದವರು. ಹೀಗೇಕೆಂದರೆ, ೧೯೭೩ರ ಒಂದು ತಿದ್ದುಪಡಿ ಆ ವರ್ಷದ ಫೆಬ್ರುವರಿ ೧ರಂದು ಅನುಮತಿಯ ಮೇಲೆ ಇದ್ದವರನ್ನೆಲ್ಲ ಬಾಡಿಗೆದಾರರೆಂದು ಮಾಡಿತು. ಒಮ್ಮೆ ಒಳಗೆ ಬಂದವನು ಹೊರಗೆ ಹೋಗಲಾರನೆಂದು ಮಾಲಿಕರು ಹೆದರಿ, ಮನೆಗಳಿಗೆ ಬೀಗ ಹಾಕಿ ಇಟ್ಟರು. ೧೯೯೯ರ ಕಾಯಿದೆಯ ೨೪ನೆಯ ಕಲಮು ಆ ಹೆದರಿಕೆಯನ್ನು ತೆಗೆಯಿತು. ಅವಧಿ ಮುಗಿದೊಡನೆ ಕೋಣೆ ಬಿಡಬೇಕು. ಬಿಡದಿದ್ದರೆ ಬಿಡುವ ತನಕ ಎರಡರಷ್ಟು ಹಣ ತೆರಬೇಕಾಗುತ್ತದೆ. ಆದುದರಿಂದ ‘ಕಾಯಿದೆ ಬಾಡಿಗೆದಾರನ ಕಡೆಗಿದೆ, ನಮ್ಮನ್ನು ಯಾರು ಎಬ್ಬಿಸುತ್ತಾರೆ?’ ಎಂಬ ಹಳಬರ ಧೈರ್ಯದ ಮಾತು ಲೀವ್ ಎಂಡ್ ಲೈಸೆನ್ಸ್‌ಗೆ ಸಲ್ಲದು.

ಮೂರನೆಯದು ಒಳಬಾಡಿಗೆ. ಪಗಡಿಯಲ್ಲಿರುವವನೋ ಬೇರೆಯವರಿಂದ ಹಿಡಿದವನೋ ತನ್ನ ಕೋಣೆಯನ್ನು ಗುಟ್ಟಾಗಿ ನಿಮಗೆ ಕೊಡುವುದು. ಮಾಲಿಕನ ಒಪ್ಪಿಗೆಯಿಲ್ಲದೆ ಹೀಗೆ ಕೊಟ್ಟರೆ, ಕೊಟ್ಟವನನ್ನೇ ಹೊರಹಾಕಲು ಕಾಯಿದೆಯಲ್ಲಿ ಆಸ್ಪದವಿದೆ. ಅವನ ಹಕ್ಕೇ ಹೋದ ಮೇಲೆ ನಿಮಗೆ ನಿಲ್ಲಲು ನೆಲವೆಲ್ಲಿ?

ನಮ್ಮ ವಾಚನಾಲಯಕ್ಕೆ ಬರುವ ಒಬ್ಬ ಗೆಳೆಯರು ವಿಜಯಪುರ ಜಿಲ್ಲೆಯವರು, ಕಚೇರಿಯೊಂದರಲ್ಲಿ ಕಾರಕೂನರು. ಎರಡು ವರ್ಷದ ಹಿಂದೆ ಪರೇಲಿನ ಹಳೆಯ ಕಟ್ಟಡದಲ್ಲಿ ಹೀಗೆ ಒಂದು ಕೋಣೆ ಹಿಡಿದರು. ಬಣ್ಣ ಬಳಿದು, ಹೊಸ ಹಂಚು ಹಾಸಿದ ಕೋಣೆ; ಬಾಡಿಗೆ ಪೇಟೆಗಿಂತ ಕಡಿಮೆ. ಡಿಪಾಜಿಟ್ ೬೦,೦೦೦ ರೂಪಾಯಿ, ತಾಯಿಯ ಬಳೆಗಳನ್ನು ಅಡವಿಟ್ಟು ತಂದದ್ದು. ನಾಲ್ಕನೆಯ ತಿಂಗಳು ಕಟ್ಟಡದ ನಿಜವಾದ ಮಾಲಿಕರ ಕಡೆಯವರು ಬಂದು, ‘ನೀವು ಯಾರು?’ ಎಂದರು. ಗೆಳೆಯರ ಕೈಯಲ್ಲಿದ್ದುದು ನೋಟರಿಯ ಮೊಹರಿನ ಒಂದು ಕಾಗದ. ಅದರಲ್ಲಿ ಡಿಪಾಜಿಟ್ಟಿನ ಮೊತ್ತವನ್ನೇ ಬರೆದಿರಲಿಲ್ಲ. ಹಣವನ್ನು ನಗದಾಗಿ ಎಣಿಸಿ ಕೊಟ್ಟಿದ್ದರು. ಹದಿನೈದು ದಿನಗಳಲ್ಲಿ ಕೋಣೆ ಬಿಡಬೇಕಾಯಿತು. ೨೦,೦೦೦ ಮರಳಿ ಬಂತು; ಉಳಿದುದು ಇನ್ನೂ ಬಂದಿಲ್ಲ. ಬಳೆಗಳನ್ನು ಬಿಡಿಸಿದ್ದು ಕಳೆದ ದೀಪಾವಳಿಗೆ, ಸಂಬಳದಲ್ಲಿ ಉಳಿಸಿದ ಹಣದಿಂದ. ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಇನ್ನೊಬ್ಬರಿಗೆ ಹೀಗಾಗಬಾರದೆಂಬುದು ಅವರ ಇಚ್ಛೆ.

ಆದುದರಿಂದ ಕೋಣೆಯ ಒಡೆಯರು ಯಾರೆಂದು ಕಾಗದದಿಂದಲೇ ತಿಳಿಯಿರಿ. ಸಹಕಾರಿ ಗೃಹನಿರ್ಮಾಣ ಸಂಘದ ಕಟ್ಟಡವಾದರೆ ಶೇರು ಪ್ರಮಾಣಪತ್ರ, ಸಂಘದ ತಿಂಗಳ ಬಿಲ್ಲು, ಖರೀದಿಯ ‘ಇಂಡೆಕ್ಸ್ ೨’ ಉತಾರ ಕೇಳಿರಿ. ಇಡೀ ಕಟ್ಟಡ ಒಬ್ಬರದೇ ಆದರೆ ಪ್ರಾಪರ್ಟಿ ಕಾರ್ಡು. ಬರಿಯ ವಿದ್ಯುತ್ ಬಿಲ್ಲು ಸಾಲದು, ಏಕೆಂದರೆ ಪಗಡಿಯವನ ಹೆಸರಿನಲ್ಲಿಯೂ ಬಿಲ್ಲು ಬರುತ್ತದೆ. ಕಾಗದದ ಮೇಲಿನ ಹೆಸರೂ, ನಿಮ್ಮಿಂದ ಹಣ ತೆಗೆದುಕೊಳ್ಳುವವರ ಗುರುತಿನ ಚೀಟಿಯ ಹೆಸರೂ ಒಂದೇ ಆಗಿರಬೇಕು. ಬೇರೆಯವರು ಮಾಲಿಕರ ಪರವಾಗಿ ಬಂದರೆ ಅಧಿಕಾರಪತ್ರವನ್ನು ನೋಡದೆ ಮುಂದುವರಿಯಕೂಡದು.

ಹನ್ನೊಂದು ತಿಂಗಳ ಕರಾರು

ಬಾಡಿಗೆಯ ಕರಾರು ಹನ್ನೊಂದು ತಿಂಗಳದೇ ಏಕೆ ಎಂದು ಹಲವರು ಕೇಳುತ್ತಾರೆ. ೧೯೦೮ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆಯ ಪತ್ರವನ್ನು ನೋಂದಾಯಿಸಲೇಬೇಕು. ನೋಂದಣಿಯ ಖರ್ಚನ್ನು ತಪ್ಪಿಸಲು ದೇಶದಲ್ಲೆಲ್ಲ ಹನ್ನೊಂದು ತಿಂಗಳ ರೂಢಿ ಬಂತು. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಮನೆ ಹಿಡಿದವರು ಇದನ್ನೇ ನೋಡಿರುತ್ತಾರೆ. ಅದೇ ತಿಳಿವಳಿಕೆಯನ್ನು ಹೊತ್ತು ಇಲ್ಲಿಗೆ ಬಂದು, ‘ಹನ್ನೊಂದು ತಿಂಗಳದು ತಾನೇ, ನೋಟರಿ ಸಾಕು’ ಎನ್ನುತ್ತಾರೆ.

ಮಹಾರಾಷ್ಟ್ರದಲ್ಲಿ ಅದು ಸಾಲದು. ೧೯೯೯ರ ಕಾಯಿದೆಯ ೫೫ನೆಯ ಕಲಮಿನ ಪ್ರಕಾರ ಲೀವ್ ಎಂಡ್ ಲೈಸೆನ್ಸ್ ಕರಾರು ಹನ್ನೊಂದು ತಿಂಗಳದಾಗಲಿ ಮೂರು ತಿಂಗಳದಾಗಲಿ, ಬರಹದಲ್ಲಿರಬೇಕು ಮತ್ತು ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲಿಕರದು. ತಪ್ಪಿದರೆ ಮೂರು ತಿಂಗಳ ತನಕ ಸೆರೆವಾಸ, ಇಲ್ಲವೆ ೫,೦೦೦ ರೂಪಾಯಿಯ ತನಕ ದಂಡ, ಇಲ್ಲವೆ ಎರಡೂ ಉಂಟು. ನೋಂದಣಿಯಾಗದ ಪಕ್ಷದಲ್ಲಿ ಷರತ್ತುಗಳ ವಿಷಯದಲ್ಲಿ ಕೋಣೆಯಲ್ಲಿರುವವನು ಹೇಳುವುದೇ ನಿಲ್ಲುತ್ತದೆ, ಬೇರೆ ರೀತಿ ಸಾಬೀತಾಗದಿದ್ದರೆ, ಎಂದೂ ಕಾಯಿದೆ ಹೇಳುತ್ತದೆ. ಆದರೆ ಅದನ್ನು ನಂಬಿ ನೋಂದಣಿಯನ್ನು ಕೈಬಿಡುವುದು ಬುದ್ಧಿವಂತಿಕೆಯಲ್ಲ. ಸಂಬಳದವನಿಗೆ ಕೋರ್ಟು ಹತ್ತಿ ಇಳಿಯಲು ರಜೆ ಎಲ್ಲಿದೆ? ನೋಂದಾಯಿತ ಕಾಗದ ಕೈಯಲ್ಲಿದ್ದರೆ ಜಗಳವೇ ಅಪರೂಪ.

ನೋಂದಣಿಗಾಗಿ ಕಚೇರಿಯಲ್ಲಿ ಸಾಲು ನಿಲ್ಲಬೇಕೆಂದಿಲ್ಲ. ರಾಜ್ಯ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಇದೆ. ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಗೇ ಬಂದು, ಆಧಾರ್ ಗುರುತಿನಿಂದ ಮಾಡಿಸಿಕೊಡುವವರೂ ಇದ್ದಾರೆ. ಮುದ್ರಾಂಕ ಶುಲ್ಕ ನೂರಕ್ಕೆ ಕಾಲು ರೂಪಾಯಿ. ಅವಧಿಯ ಒಟ್ಟು ಬಾಡಿಗೆ, ಮರಳಿಸಬೇಕಾದ ಡಿಪಾಜಿಟ್ಟಿನ ಮೇಲೆ ವರ್ಷಕ್ಕೆ ಶೇಕಡಾ ೧೦ರಂತೆ ಬಡ್ಡಿ, ಮರಳಿಸಬೇಕಿಲ್ಲದ ಹಣ ಏನಾದರೂ ಇದ್ದರೆ ಅದು, ಇವುಗಳ ಮೊತ್ತಕ್ಕೆ ಇದನ್ನು ಹಾಕುತ್ತಾರೆ. ಮುಂಬಯಿ ಮಹಾನಗರಪಾಲಿಕೆಯ ಮೇರೆಯಲ್ಲಿ ನೋಂದಣಿ ಶುಲ್ಕ ೧,೦೦೦ ರೂಪಾಯಿ.

ಇನ್ನೊಂದು ಮಾತು. ಹೊಸದಾಗಿ ಬಂದವರ ವಿವರವನ್ನು ಪೊಲೀಸರಿಗೆ ತಿಳಿಸುವುದು ಮಾಲಿಕರ ಕೆಲಸ. ಮುಂಬಯಿಯಲ್ಲಿ ಇದನ್ನು ಆನ್‌ಲೈನ್ ಮಾಡಬಹುದು. ಮಾಡಿದ್ದಾರೆಯೇ ಎಂದು ಕೇಳಿ ಅದರ ಪ್ರತಿ ಇಟ್ಟುಕೊಳ್ಳಿರಿ. ವಿವರ ಕೊಡಲು ಹಿಂಜರಿಯುವ ಮಾಲಿಕನು ಏತಕ್ಕೆ ಹಿಂಜರಿಯುತ್ತಾನೆಂದು ಯೋಚಿಸಿರಿ.

ಮೊದಲ ದಿನದ ಲೆಕ್ಕ

ಕಾರಕೂನರಾದ ನಮಗೆ ಇಲ್ಲಿ ಕೈ ಪಳಗಿದೆ, ಲೆಕ್ಕ ಹಾಕಿಯೇ ತೋರಿಸುತ್ತೇವೆ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಕೋಣೆಯ ಅಂಕಿಗಳನ್ನು ಇದೇ ಸಾಲಿನಲ್ಲಿ ಹಾಕಿಕೊಳ್ಳಿರಿ. ಬಾಡಿಗೆ ತಿಂಗಳಿಗೆ ೨೫,೦೦೦, ಅವಧಿ ೧೧ ತಿಂಗಳು, ಡಿಪಾಜಿಟ್ ೧,೦೦,೦೦೦, ದಲಾಲಿ ಒಂದು ತಿಂಗಳ ಬಾಡಿಗೆ. ಮುದ್ರಾಂಕ ಮತ್ತು ನೋಂದಣಿಯ ಖರ್ಚನ್ನು ಯಾರು ಕೊಡಬೇಕೆಂಬುದು ಮಾತುಕತೆಯ ವಿಷಯ. ಪೂರ್ತಿ ನಿಮ್ಮ ಪಾಲಿಗೇ ಬಂತೆಂದು ಹಿಡಿದಿದ್ದೇವೆ.

ಹನ್ನೊಂದು ತಿಂಗಳ ಬಾಡಿಗೆ ೨,೭೫,೦೦೦. ಡಿಪಾಜಿಟ್ಟಿನ ಮೇಲೆ ಶೇಕಡಾ ೧೦ರ ಬಡ್ಡಿ ೧೧ ತಿಂಗಳಿಗೆ ೯,೧೬೭. ಒಟ್ಟು ೨,೮೪,೧೬೭. ಇದಕ್ಕೆ ನೂರಕ್ಕೆ ಕಾಲರಂತೆ ಮುದ್ರಾಂಕ ಸುಮಾರು ೭೧೦, ನೋಂದಣಿ ೧,೦೦೦, ಎರಡೂ ಸೇರಿ ೧,೭೧೦.

ಕೀಲಿಕೈ ಕೈಗೆ ಬರುವ ದಿನ ಕೊಡಬೇಕಾದುದು:
ಮೊದಲ ತಿಂಗಳ ಬಾಡಿಗೆ — ೨೫,೦೦೦
ಡಿಪಾಜಿಟ್ — ೧,೦೦,೦೦೦
ದಲಾಲಿ — ೨೫,೦೦೦
ಮುದ್ರಾಂಕ, ನೋಂದಣಿ — ೧,೭೧೦
ಒಟ್ಟು — ೧,೫೧,೭೧೦ ರೂಪಾಯಿ

ಬಾಡಿಗೆ ಇಪ್ಪತ್ತೈದು ಸಾವಿರ ಎಂದು ಕೇಳಿ ಹೊರಟವನಿಗೆ ಮೊದಲ ದಿನವೇ ಒಂದೂವರೆ ಲಕ್ಷಕ್ಕೂ ಮೇಲೆ ಬೇಕು. ಸಾಮಾನು ಸಾಗಿಸುವ ಟೆಂಪೊ, ಗ್ಯಾಸು, ಹಾಸಿಗೆ ಇವು ಬೇರೆ.

ಈಗ ನಿಜವಾದ ತಿಂಗಳ ಬಾಡಿಗೆ ಎಷ್ಟೆಂದು ನೋಡೋಣ. ಡಿಪಾಜಿಟ್ ಮರಳಿ ಬರುವುದಾದರೂ ಅದರ ಮೇಲೆ ನಿಮಗೆ ಬರಬಹುದಾಗಿದ್ದ ಬಡ್ಡಿ ಬರುವುದಿಲ್ಲ. ಬ್ಯಾಂಕಿನಲ್ಲಿ ಶೇಕಡಾ ೬ ಎಂದು ಹಿಡಿದರೆ ೧೧ ತಿಂಗಳಿಗೆ ೫,೫೦೦. ಬಾಡಿಗೆ ೨,೭೫,೦೦೦, ದಲಾಲಿ ೨೫,೦೦೦, ಮುದ್ರಾಂಕ-ನೋಂದಣಿ ೧,೭೧೦, ಹೋದ ಬಡ್ಡಿ ೫,೫೦೦, ಕೂಡಿಸಿದರೆ ೩,೦೭,೨೧೦. ಹನ್ನೊಂದರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು ೨೭,೯೩೦. ಸಂಬಳಕ್ಕೆ ತೂಗಿ ನೋಡಬೇಕಾದುದು ಈ ಅಂಕಿ. ಇದರ ಮೇಲೆ ವಿದ್ಯುತ್ತು, ಗ್ಯಾಸು, ಊರಿಗೆ ಕಳುಹಿಸುವ ಹಣ ಬರುತ್ತವೆ. ಕರಾರು ಮುಗಿದ ಮೇಲೆ ಹೊಸದು ಮಾಡುವಾಗ ದಲಾಲಿ ಮತ್ತೆ ಕೊಡಬೇಕೇ, ಬಾಡಿಗೆ ಎಷ್ಟು ಏರುತ್ತದೆ ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳಿರಿ.

ಸಂಘದ ತಿಂಗಳ ಖರ್ಚು ಯಾರದೆಂದೂ ಕೇಳಬೇಕು. ಒಡೆಯರು ತಾವಿರದೆ ಮನೆಯನ್ನು ಬೇರೆಯವರಿಗೆ ಕೊಟ್ಟರೆ ಗೃಹನಿರ್ಮಾಣ ಸಂಘ ಅವರಿಂದ ಇನ್ನೊಂದಿಷ್ಟು ಶುಲ್ಕ ತೆಗೆದುಕೊಳ್ಳಬಹುದು. ೨೦೦೧ರ ಸರಕಾರಿ ಆಜ್ಞೆಯಂತೆ ಅದು ಸೇವಾಶುಲ್ಕದ ನೂರಕ್ಕೆ ಹತ್ತನ್ನು ಮೀರಕೂಡದು. ಅದು ಸದಸ್ಯನ ಮೇಲಿನ ಶುಲ್ಕ, ನಿಮ್ಮ ಮೇಲಿನದಲ್ಲ. ಅದನ್ನು ದೊಡ್ಡದು ಮಾಡಿ ಹೇಳಿ ಬಾಡಿಗೆಗೆ ಕೂಡಿಸಲು ಬಂದರೆ ಈ ಮಿತಿಯನ್ನು ನೆನಪಿಸಿರಿ.

ಕೋಣೆಯನ್ನು ನೋಡುವ ಬಗೆ

ಕೋಣೆಯನ್ನು ಎರಡು ಸಲ ನೋಡಬೇಕು, ಒಮ್ಮೆ ಹಗಲು, ಒಮ್ಮೆ ರಾತ್ರಿ. ಹಗಲು ಗಾಳಿ ಬೆಳಕು ತಿಳಿಯುತ್ತವೆ. ಉಪಾಹಾರಗೃಹ, ಪಾನಗೃಹಗಳ ನಡುವಿನ ಕೋಣೆಯಾದರೆ ಅಲ್ಲಿ ನಿದ್ದೆ ಬರುತ್ತದೆಯೇ ಎಂಬುದು ರಾತ್ರಿಯಲ್ಲದೆ ತಿಳಿಯದು.

ನಲ್ಲಿ ತಿರುಗಿಸಿ ನೋಡಿರಿ. ಪಾಲಿಕೆಯ ನೀರು ದಿನಕ್ಕೆ ಗೊತ್ತಾದ ಹೊತ್ತು ಮಾತ್ರ ಬರುತ್ತದೆ. ಕಟ್ಟಡಕ್ಕೆ ತೊಟ್ಟಿಯಿದೆಯೇ, ನಿಮ್ಮ ಮಹಡಿಗೆ ಎಷ್ಟು ಹೊತ್ತು ನೀರು ಏರುತ್ತದೆ ಎಂದು ದಲಾಲನನ್ನಲ್ಲ, ನೆರೆಮನೆಯವರನ್ನು ಕೇಳಿರಿ. ತಲೆಯೆತ್ತಿ ಚಾವಣಿ ನೋಡಿರಿ. ಹೊಸ ಬಣ್ಣದ ಕೆಳಗೆ ಉಬ್ಬಿದ ಕಲೆ ಇದ್ದರೆ ಅದು ಮಳೆಗಾಲದ ಗುರುತು. ಮಳೆಗಾಲದಲ್ಲಿ ದಾದರ್-ಪರೇಲ್ ನಡುವಣ ಹಿಂದಮಾತಾ ತಗ್ಗಿನಲ್ಲಿ ನೀರು ನಿಲ್ಲುವುದು ಹೆಸರಾದ ಸಂಗತಿ. ನೆಲಮಹಡಿಯ ಕೋಣೆಯಾದರೆ ಬೀದಿಯ ಅಂಗಡಿಯವರನ್ನು, ‘ನೀರು ಎಲ್ಲಿಯ ತನಕ ಬರುತ್ತದೆ?’ ಎಂದು ಕೇಳಿದರೆ ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಬೆಂಕಿ ಬಿದ್ದರೆ ಇಳಿಯಲು ದಾರಿ ಯಾವುದೆಂದು ನೋಡಿರಿ. ೨೦೧೭ರ ಡಿಸೆಂಬರ್ ೨೯ರಂದು ಕಮಲಾ ಮಿಲ್ಸ್ ಆವರಣದ ಮೇಲ್ಮಹಡಿಯ ಪಾನಗೃಹಗಳಲ್ಲಿ ಹತ್ತಿದ ಬೆಂಕಿಗೆ ೧೪ ಮಂದಿ ಬಲಿಯಾದರು. ಮೆಟ್ಟಿಲಿನಲ್ಲಿ ಸಾಮಾನು ತುಂಬಿದ ಕಟ್ಟಡ, ಕಿಟಕಿಗೆಲ್ಲ ಬಿಗಿದ ಕಂಬಿ, ಇವುಗಳಿರುವ ಕೋಣೆ ಎಷ್ಟು ಚೆಂದವಿದ್ದರೂ ಬೇಡ.

ನಿಲ್ದಾಣದ ತನಕ ಕೆಲಸದ ಹೊತ್ತಿನಲ್ಲಿಯೇ ನಡೆದು ನೋಡಿರಿ. ಲೋವರ್ ಪರೇಲ್, ಪ್ರಭಾದೇವಿ ಪಶ್ಚಿಮ ಮಾರ್ಗದವು; ಕರೀ ರೋಡ್, ಪರೇಲ್ ಮಧ್ಯ ಮಾರ್ಗದವು. ಪ್ರಭಾದೇವಿ ಎಂದರೆ ೨೦೧೮ರ ಜುಲೈ ತನಕ ಎಲ್ಫಿನ್‌ಸ್ಟನ್ ರೋಡ್ ಎನಿಸಿದ್ದ ನಿಲ್ದಾಣ. ೨೦೧೭ರ ಸೆಪ್ಟೆಂಬರ್ ೨೯ರ ಬೆಳಿಗ್ಗೆ ಅಲ್ಲಿನ ಪಾದಚಾರಿ ಸೇತುವೆಯ ಮೇಲೆ ನೂಕುನುಗ್ಗಲಾಗಿ ೨೩ ಮಂದಿ ಸತ್ತರು. ಗಿರಣಿಗೆ ಬರುವವರಿಗಾಗಿ ಮಾಡಿದ ದಾರಿಗಳಲ್ಲಿ ಕಚೇರಿಗೆ ಬರುವ ಜನಸಾಗರ ಇಂದು ಹರಿಯುತ್ತಿದೆ.

ಹಣ ಕೊಡುವಾಗ, ಮರಳಿ ಪಡೆಯುವಾಗ

ಕೋಣೆಯನ್ನು ನೋಡುವ ಮುಂಚೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ‘ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಟೋಕನ್ ಹಣ ಕಳುಹಿಸಿ, ಕೀಲಿಕೈ ಕಳುಹಿಸುತ್ತೇನೆ’ ಎಂದು ಫೋನಿನಲ್ಲಿ ಹೇಳಿ ಮೋಸ ಮಾಡುವವರಿದ್ದಾರೆ. ಹಾಗೆ ಹಣ ಹೋದರೆ ತಡಮಾಡದೆ ೧೯೩೦ ಎಂಬ ಸಹಾಯವಾಣಿಗೆ ಫೋನು ಮಾಡಬೇಕು. ಬೇಗ ತಿಳಿಸಿದಷ್ಟು ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಡಿಪಾಜಿಟ್ಟನ್ನು ನಗದಾಗಿ ಕೊಡಬೇಡಿರಿ. ಚೆಕ್ಕಿನಿಂದಲೋ ಬ್ಯಾಂಕಿನ ಮೂಲಕವೋ, ಕರಾರಿನಲ್ಲಿ ಹೆಸರಿರುವ ಮಾಲಿಕರ ಖಾತೆಗೇ ಹೋಗಲಿ. ಡಿಪಾಜಿಟ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಕೇಂದ್ರ ಸರಕಾರದ ೨೦೨೧ರ ಮಾದರಿ ಬಾಡಿಗೆ ಕಾಯಿದೆ ಹೇಳುತ್ತದೆ ಎಂದು ಕೆಲವರು ವಾದಿಸುತ್ತಾರೆ. ಅದು ಮಾದರಿ ಮಾತ್ರ. ರಾಜ್ಯ ತಾನೇ ಕಾಯಿದೆ ಮಾಡದೆ ಅದಕ್ಕೆ ಬಲವಿಲ್ಲ. ಡಿಪಾಜಿಟ್ ಕಡಿಮೆಯಾಗಬೇಕಾದರೆ ಮಾತುಕತೆಯೇ ದಾರಿ.

ಕರಾರಿಗೆ ಸಹಿ ಹಾಕುವ ಮುನ್ನ ಈ ಮಾತುಗಳು ಅದರಲ್ಲಿವೆಯೇ ನೋಡಿರಿ:

೧. ಡಿಪಾಜಿಟ್ಟಿನ ಮೊತ್ತ, ಅದನ್ನು ಕೊಟ್ಟ ಬಗೆ, ಮತ್ತು ಕೋಣೆ ಬಿಟ್ಟ ದಿನವೇ ಮರಳಿಸಬೇಕೆಂಬ ಮಾತು. ‘ಆಮೇಲೆ ಕೊಡುತ್ತೇವೆ’ ಎಂಬುದಕ್ಕೆ ಎಡೆಯಿರಕೂಡದು.

೨. ಮುಂಚೆ ಬಿಡಬೇಕಾದರೆ ಎಷ್ಟು ದಿನಗಳ ಸೂಚನೆ ಎಂಬುದು. ಈ ಷರತ್ತು ಇಬ್ಬರಿಗೂ ಸಮನಾಗಿರಲಿ. ಇಷ್ಟು ತಿಂಗಳು ಬಿಡುವಂತಿಲ್ಲವೆಂಬ ಷರತ್ತನ್ನು ‘ಲಾಕ್‌-ಇನ್’ ಎನ್ನುತ್ತಾರೆ. ವರ್ಗವಾಗುವ ನೌಕರಿಯವರು ಇದನ್ನು ಎರಡು ಸಲ ಓದಬೇಕು.

೩. ದುರಸ್ತಿ ಯಾರದು. ನಲ್ಲಿಯ ವಾಶರು, ದೀಪ ನಮ್ಮದು. ಗೋಡೆ, ಚಾವಣಿ, ಒಳಗಿನ ಕೊಳವೆ ಮಾಲಿಕರದು ಎಂದು ಬಿಡಿಸಿ ಬರೆಯಲಿ.

೪. ಕೋಣೆಯೊಳಗಿನ ಸಾಮಾನುಗಳ ಪಟ್ಟಿ. ಫ್ಯಾನು ಎಷ್ಟು, ಕಪಾಟು ಎಷ್ಟು, ಗೀಸರ್ ಇದೆಯೇ. ಈಗಾಗಲೇ ಒಡೆದುದು ಏನು ಎಂಬುದನ್ನೂ ಬರೆಸಿರಿ.

೫. ಊರಿನಿಂದ ತಂದೆತಾಯಿ, ತಮ್ಮ ಬಂದು ಕೆಲವು ದಿನ ಇರಲು ಅಡ್ಡಿಯಿಲ್ಲವೆಂಬುದು. ಇದನ್ನು ಬರೆಸದೆ ಆಮೇಲೆ ಮನಸ್ತಾಪ ಪಟ್ಟವರುಂಟು.

ಒಳಗೆ ಹೋದ ದಿನವೇ ಗೋಡೆ, ನೆಲ, ಬಚ್ಚಲು, ವಿದ್ಯುತ್ ಮೀಟರಿನ ಅಂಕಿ ಎಲ್ಲದರ ಚಿತ್ರ ತೆಗೆದು ಮಾಲಿಕರಿಗೆ ಕಳುಹಿಸಿರಿ. ಹಿಂದಿದ್ದವರ ಬಾಕಿ ನಿಮ್ಮ ತಲೆಗೆ ಬಾರದಿರಲು ಇದೇ ಸಾಕ್ಷಿ. ಬಿಡುವ ದಿನವೂ ಹಾಗೆಯೇ ಮಾಡಿ, ಡಿಪಾಜಿಟ್ ಕೈಗೆ ಬಂದ ಮೇಲೆ ಕೀಲಿಕೈ ಕೊಡಿರಿ. ಒಂದು ಎಚ್ಚರ: ಅವಧಿ ಮುಗಿದ ಮೇಲೆ ಡಿಪಾಜಿಟ್ಟಿನ ನೆಪ ಹೇಳಿ ತಿಂಗಳುಗಟ್ಟಲೆ ಕೂಡುವುದು ಸಲ್ಲದು, ಆಗ ಮೇಲೆ ಹೇಳಿದ ಎರಡರಷ್ಟರ ಷರತ್ತು ನಿಮಗೇ ತಗಲೀತು. ಆದುದರಿಂದ ಅವಧಿ ಮುಗಿಯುವುದಕ್ಕೆ ಒಂದು ತಿಂಗಳ ಮೊದಲೇ ಬರಹದಲ್ಲಿ ಕೇಳಿಡಿರಿ.

ಒಂಟಿ ಹುಡುಗರಿಗೆ, ಮಾಂಸ ತಿನ್ನುವವರಿಗೆ, ಇಂಥ ಜಾತಿ-ಮತದವರಿಗೆ, ಇಂಥ ಭಾಷೆಯವರಿಗೆ ಕೋಣೆಯಿಲ್ಲ ಎಂದು ಮುಖಕ್ಕೇ ಹೇಳುವವರು ಈ ಪಟ್ಟಣದಲ್ಲಿದ್ದಾರೆ. ಇದು ನೋಯಿಸುವ ಮಾತು. ಹಾಗೆ ಹೇಳಿದಲ್ಲಿ ಸುಳ್ಳು ಹೇಳಿ ಒಳಸೇರುವುದರಿಂದ ಪ್ರತಿದಿನ ಅಂಜಿಕೊಂಡು ಬಾಳಬೇಕಾಗುತ್ತದೆ. ಇದ್ದುದನ್ನು ಇದ್ದಂತೆ ಹೇಳಿ ಕೊಡುವವರನ್ನೇ ಹುಡುಕುವುದು ಲೇಸು. ತಡವಾದೀತು, ಸಿಗದೆ ಹೋಗದು.

ಹಿಡಿಯಬೇಕೇ?

ಪೇಟೆಯಲ್ಲಿ ಹೆಸರಾದ ಬೀದಿಯಲ್ಲಿ ಒಂದು ಕೋಣೆ ತಪ್ಪೇನಲ್ಲ. ದಿನಕ್ಕೆ ಮೂರು ತಾಸು ರೈಲಿನಲ್ಲಿ ನಿಂತು ಸವೆಯುವ ಮೈಗೆ, ನಡೆದು ಮುಟ್ಟುವ ಕಚೇರಿ ದೊಡ್ಡ ವಿಶ್ರಾಂತಿ. ಉಳಿದ ಹೊತ್ತಿನಲ್ಲಿ ಪರೀಕ್ಷೆಗೆ ಓದುವವರಿಗೆ ಅದು ಗಳಿಕೆಯೂ ಹೌದು. ಇಬ್ಬರು ಗೆಳೆಯರು ಸೇರಿ ಹಿಡಿಯುವುದಾದರೆ ಭಾರವೂ ಅರ್ಧವಾಗುತ್ತದೆ. ಹಾಗಿದ್ದಲ್ಲಿ ಇಬ್ಬರ ಹೆಸರೂ ಕರಾರಿನಲ್ಲಿರಲಿ. ಆದರೆ ನಿಜವಾದ ತಿಂಗಳ ಲೆಕ್ಕ ಸಂಬಳದ ಅರ್ಧವನ್ನು ಮೀರುವುದಾದರೆ, ಊರಿಗೆ ಹೋಗುವ ಮನಿಯಾರ್ಡರ್ ನಿಲ್ಲುವುದಾದರೆ, ಡಿಪಾಜಿಟ್ಟಿಗಾಗಿ ಮನೆಯ ಒಡವೆ ಅಡವಿಡಬೇಕಾದರೆ, ಆ ಬೀದಿ ಇನ್ನೂ ಎರಡು ವರ್ಷ ಕಾಯಲಿ. ಡೊಂಬಿವಲಿ, ಕಲ್ಯಾಣ, ನಾಲಾಸೋಪಾರಗಳ ಕಡೆ ಇದೇ ಹಣಕ್ಕೆ ದೊಡ್ಡ ಮನೆ ಸಿಗುತ್ತದೆ.

ಕರಾರಿನ ಕರಡು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಓದಲು ಬಾರದ ಕಡೆ ತಲೆಯಾಡಿಸಿ ಸಹಿ ಹಾಕಬೇಡಿರಿ. ಕರಡನ್ನು ವಾಚನಾಲಯಕ್ಕೆ ತನ್ನಿರಿ. ನಾವು ವಕೀಲರಲ್ಲ, ಆದರೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳುವಷ್ಟು ಮಂದಿ ಇಲ್ಲಿದ್ದೇವೆ. ಜೊತೆಗೆ ಕೋಣೆ ನೋಡಲು ಬರಬೇಕೆಂದರೂ ಭಾನುವಾರ ಯಾರಾದರೂ ಬರುತ್ತೇವೆ. ಅಳತೆಯ ಟೇಪು ಮೇಜಿನ ಸೆಳೆಖಾನೆಯಲ್ಲಿದೆ. ಒಯ್ದವರು ದಯವಿಟ್ಟು ಮರಳಿ ತಂದಿಡಬೇಕಾಗಿ ವಿನಂತಿ.